ಒಳಗಿನ ಹಡಗು, ಹೊರಗಿನ ಸಮುದ್ರ: ಯು-೯೬ರ ಸೇವಾಚರಿತ್ರೆಯೂ ಬುಖ್‌ಹೈಮನ ಕಾದಂಬರಿಯೂ

ಯುದ್ಧವನ್ನು ವಸ್ತುವಾಗುಳ್ಳ ಕೃತಿಯೊಂದನ್ನು ಅದಕ್ಕೆ ಆಧಾರವಾದ ದಾಖಲೆಯ ಪಕ್ಕದಲ್ಲಿಟ್ಟು ಪರೀಕ್ಷಿಸುವ ಅವಕಾಶ ವಿಮರ್ಶಕನಿಗೆ ಸುಲಭವಾಗಿ ದೊರೆಯುವುದಿಲ್ಲ. ಒಂದೋ ದಾಖಲೆ ನಾಶವಾಗಿರುತ್ತದೆ. ಇಲ್ಲವೇ ಕೃತಿಕಾರನು ಹಲವು ಸಂಗತಿಗಳನ್ನು ಬೆರೆಸಿ, ಮೂಲದ ಗುರುತೇ ಸಿಕ್ಕದಂತೆ ಮಾಡಿರುತ್ತಾನೆ. ಲೋಥರ್-ಗ್ಯುಂಟರ್ ಬುಖ್‌ಹೈಮನ ‘ದಾಸ್ ಬೋಟ್’ ಎಂಬ ಜರ್ಮನ್ ಕಾದಂಬರಿಯ ವಿಷಯದಲ್ಲಿ ಹೀಗಾಗಿಲ್ಲ. ೧೯೭೩ರಲ್ಲಿ ಪ್ರಕಟವಾದ ಈ ಕಾದಂಬರಿಯೂ, ಅದನ್ನು ಆಧರಿಸಿ ವೋಲ್ಫ್‌ಗಾಂಗ್ ಪೇಟರ್‌ಸನ್ ೧೯೮೧ರಲ್ಲಿ ನಿರ್ದೇಶಿಸಿದ ಚಲನಚಿತ್ರವೂ ಯು-೯೬ ಎಂಬ ಜಲಾಂತರ್ಗಾಮಿಯ ಒಂದು ಯಾತ್ರೆಯಿಂದ ಹುಟ್ಟಿದವು. ಆ ಹಡಗಿನ ಸೇವಾಚರಿತ್ರೆಯಾದರೋ ಮೊದಲಿನಿಂದ ಕೊನೆಯವರೆಗೆ ತಿಳಿದಿದೆ: ಎಂದು ಬಂದರು ಬಿಟ್ಟಿತು, ಎಂದು ಯಾವ ಹಡಗನ್ನು ಮುಳುಗಿಸಿತು, ಅದರಲ್ಲಿ ಎಷ್ಟು ಜನ ಸತ್ತರು ಎಂಬುದೆಲ್ಲ ಬರೆದಿಟ್ಟ ಸಂಗತಿ. ಕಾದಂಬರಿಯನ್ನು ಹೊಗಳಿದವರೂ ತೆಗಳಿದವರೂ ಬಹುಮಟ್ಟಿಗೆ ಹಡಗಿನ ಒಳಗೆ ನಿಂತೇ ಮಾತನಾಡಿದ್ದಾರೆ. ಹೊರಗೆ ನಿಂತು ನೋಡಿದರೆ ಆ ಕೃತಿ ಹೇಗೆ ಕಾಣುತ್ತದೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮೊದಲು ದಾಖಲೆ. ಯು-೯೬ನ್ನು ಕಟ್ಟಿದುದು ಕೀಲ್ ನಗರದಲ್ಲಿ, ಕ್ರುಪ್ ಸಂಸ್ಥೆಗೆ ಸೇರಿದ್ದ ಗೆರ್ಮಾನಿಯಾ ಹಡಗು ಕಾರ್ಖಾನೆಯಲ್ಲಿ. ಯುದ್ಧ ಆರಂಭವಾದ ೧೯೩೯ರ ಸೆಪ್ಟೆಂಬರ್ ತಿಂಗಳಲ್ಲಿಯೇ ಕೆಲಸ ಮೊದಲಾಯಿತು. ೧೯೪೦ರ ಆಗಸ್ಟ್ ೧ರಂದು ಅದು ನೀರಿಗಿಳಿಯಿತು. ಸೆಪ್ಟೆಂಬರ್ ೧೪ರಂದು ನೌಕಾಬಲಕ್ಕೆ ಸೇರಿತು. ಕಪ್ತಾನ ಹೈನ್‌ರಿಖ್ ಲೇಮಾನ್-ವಿಲ್ಲೆನ್‌ಬ್ರೋಕನಿಗೆ ಆಗ ಇಪ್ಪತ್ತೆಂಟು ವರ್ಷ. ಹಡಗಿನ ಗೋಪುರದ ಮೇಲೆ ನಗುವ ಗರಗಸಮೀನಿನ ಚಿತ್ರವನ್ನು ಬರೆಸಿದ್ದರು. ಜರ್ಮನರು ಅತಿ ಹೆಚ್ಚಿನ ಸಂಖ್ಯೆಯಲ್ಲಿ ಕಟ್ಟಿದ ಏಳನೆಯ ‘ಸಿ’ ಮಾದರಿಯ ಹಡಗು ಇದು. ಉದ್ದ ೬೭ ಮೀಟರು, ಅಗಲ ಆರು ಮೀಟರಿಗೆ ತುಸು ಹೆಚ್ಚು. ಅದರೊಳಗೆ ಎಂಜಿನ್ನು, ಬ್ಯಾಟರಿ, ಹದಿನಾಲ್ಕು ಟಾರ್ಪೀಡೊ, ವಾರಗಟ್ಟಲೆಯ ಆಹಾರ, ಇವುಗಳ ನಡುವೆ ಉಳಿದ ಸಂದಿಯಲ್ಲಿ ಸುಮಾರು ನಲವತ್ತೈದು ಐವತ್ತು ಜನ. ಇದನ್ನು ಜಲಾಂತರ್ಗಾಮಿ ಎಂದು ಕರೆಯುವುದು ರೂಢಿಯಾದರೂ ಅದರ ಬಾಳು ಹೆಚ್ಚಾಗಿ ನೀರಿನ ಮೇಲೆಯೇ. ಮೇಲೆ ಗಂಟೆಗೆ ಹದಿನೇಳು ನಾಟಿಕಲ್ ಮೈಲಿ ಹೋಗಬಲ್ಲ ಈ ಹಡಗು ಮುಳುಗಿದಾಗ ಏಳಕ್ಕಿಂತ ಹೆಚ್ಚು ಹೋಗಲಾರದು. ಆ ವೇಗವನ್ನೂ ಬಹಳ ಹೊತ್ತು ಸಾಗಿಸಲಾರದು. ನೀರುಕಾಗೆಯಂತೆ ಮುಳುಗು ಹಾಕಿ ಮತ್ತೆ ಉಸಿರಿಗಾಗಿ ಮೇಲೆ ಬರಲೇಬೇಕು. ಕಾದಂಬರಿಯ ಭಯವೆಲ್ಲ ಈ ಒಂದು ಯಾಂತ್ರಿಕ ಮಿತಿಯಿಂದ ಹುಟ್ಟುತ್ತದೆಯಾದ ಕಾರಣ ಇದನ್ನಿಲ್ಲಿ ಹೇಳಬೇಕಾಯಿತು.

೧೯೪೦ರ ಡಿಸೆಂಬರಿನಿಂದ ೧೯೪೩ರ ಆರಂಭದವರೆಗೆ ಯು-೯೬ ಹನ್ನೊಂದು ಯುದ್ಧಯಾತ್ರೆಗಳನ್ನು ಮಾಡಿತು. ಅದು ಮುಳುಗಿಸಿದ ಹಡಗುಗಳು ೨೭; ಅವುಗಳ ಪ್ರಮಾಣ ೧,೮೧,೨೦೬ ಟನ್ನು. ಈ ‘ಟನ್ನು’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಇದು ತೂಕವಲ್ಲ, ಹಡಗಿನ ಒಳಗಿನ ಅವಕಾಶದ ಅಳತೆ, ನೂರು ಘನ ಅಡಿಗೆ ಒಂದು ಟನ್ನು. ವರ್ಷದಲ್ಲಿ ಎಷ್ಟು ಟನ್ನು ಹಡಗು ಕಟ್ಟಲ್ಪಡುವುದೋ ಅದಕ್ಕಿಂತ ಹೆಚ್ಚು ಮುಳುಗಿಸಿದರೆ ಬ್ರಿಟನ್ನು ಸೋಲಲೇಬೇಕೆಂಬುದು ಜರ್ಮನ್ ಜಲಾಂತರ್ಗಾಮಿ ಬಲದ ಅಧಿಪತಿ ಕಾರ್ಲ್ ಡ್ಯೋನಿಟ್ಸನ ಲೆಕ್ಕಾಚಾರ. ಪದಕಗಳೂ ಈ ಅಳತೆಯಿಂದಲೇ ಬಂದವು, ಪತ್ರಿಕೆಗಳ ಪ್ರಶಸ್ತಿಯೂ ಈ ಅಳತೆಯಲ್ಲಿಯೇ ನಡೆಯಿತು. ಹಡಗಿನೊಳಗಿನ ಶೂನ್ಯಸ್ಥಳವನ್ನು ಅಷ್ಟು ನಿಖರವಾಗಿ ಎಣಿಸುವ ಈ ಭಾಷೆಯಲ್ಲಿ ಆ ಸ್ಥಳದಲ್ಲಿದ್ದ ಮನುಷ್ಯನನ್ನು ಹೇಳುವ ಮಾತಿಲ್ಲ.

ಉದಾಹರಣೆಗೆ ಎರಡನೆಯ ಯಾತ್ರೆಯನ್ನು ನೋಡಬಹುದು. ೧೯೪೧ರ ಜನವರಿಯಲ್ಲಿ ನಡೆದ ಇದು ಎರಡು ವಾರಗಳಷ್ಟು ಚಿಕ್ಕ ಯಾತ್ರೆ. ೧೬ರಂದು ಆಫ್ರಿಕದಿಂದ ಬ್ರಿಟನ್ನಿಗೆ ಮರಳುತ್ತಿದ್ದ ‘ಒರೊಪೇಸ’ ಎಂಬ ಪ್ರಯಾಣಿಕರ ಹಡಗು ಮುಳುಗಿತು. ೧೦೬ ಜನ ಸತ್ತರು. ಮರುದಿನ, ಲಿವರ್‌ಪೂಲಿನಿಂದ ದಕ್ಷಿಣ ಅಮೆರಿಕಕ್ಕೆ ಹೊರಟಿದ್ದ ‘ಅಲ್ಮೇಡ ಸ್ಟಾರ್’ ಸಿಕ್ಕಿತು. ಸುಮಾರು ಹದಿನೈದು ಸಾವಿರ ಟನ್ನಿನ ಹಡಗು. ಅದರಲ್ಲಿದ್ದವರು ೩೬೦ ಜನ. ೧೯೪ ಮಂದಿ ಪ್ರಯಾಣಿಕರು, ಅವರಲ್ಲಿ ಹಲವರು ಟ್ರಿನಿಡಾಡಿಗೆ ಹೊರಟಿದ್ದ ಬ್ರಿಟಿಷ್ ನೌಕಾವಿಮಾನದಳದವರು. ಮೊದಲ ಟಾರ್ಪೀಡೊ ತಗಲಿದ ಮೇಲೆ ಹಡಗು ಕೂಡಲೆ ಮುಳುಗಲಿಲ್ಲ. ಗಂಟೆಗಳ ಕಾಲ ತೇಲುತ್ತಿತ್ತು. ಯು-೯೬ ಮತ್ತೆ ಮತ್ತೆ ಹೊಡೆದು ಕೆಲಸ ಮುಗಿಸಿತು. ಅಪಾಯದ ತಂತಿಸಂದೇಶ ಕೇಳಿ ಹುಡುಕಲು ಬಂದವರಿಗೆ ಏನೂ ಸಿಕ್ಕಲಿಲ್ಲ. ೩೬೦ ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಎರಡು ದಿನಗಳಲ್ಲಿ ೪೬೬ ಸಾವು. ದಾಖಲೆಯಲ್ಲಿ ಎರಡು ಹಡಗು. ಮುಂದಿನ ತಿಂಗಳು ಮುಳುಗಿದ ‘ಕ್ಲೀಯ’, ‘ಸಿರಿಕಿಷ್ಣ’, ಮರುವರ್ಷ ಮುಳುಗಿದ ‘ಲೇಕ್ ಓಸ್ವೇಯ’ ಇವುಗಳಲ್ಲಿಯೂ ಬದುಕುಳಿದವರಿಲ್ಲ. ಸಾಕ್ಷಿ ಹೇಳಲು ಯಾರೂ ಇಲ್ಲದ ಈ ಮುಳುಗಡೆಗಳು ಬಹುಶಃ ಆ ಕಾರಣದಿಂದಲೇ ಕಾದಂಬರಿಗೆ ವಸ್ತುವಾಗದೆ ಹೋದವು.

ಈಗ ಏಳನೆಯ ಯಾತ್ರೆ. ೧೯೪೧ರ ಅಕ್ಟೋಬರ್ ೨೭ರಂದು ಯು-೯೬ ಫ್ರಾನ್ಸಿನ ಸೇಂಟ್ ನಜೇರ್ ಬಂದರಿನಿಂದ ಹೊರಟಿತು. ಯುದ್ಧವಾರ್ತೆಗಾರನಾಗಿ ಇಪ್ಪತ್ತಮೂರು ವರ್ಷದ ಬುಖ್‌ಹೈಮನೂ ಅದರಲ್ಲಿದ್ದನು. ೩೧ರಂದು ‘ಬೆನ್ನೆಕೋಮ್’ ಎಂಬ ಡಚ್ ಸರಕು ಹಡಗನ್ನು ಅದು ಮುಳುಗಿಸಿತು. ಆ ಯಾತ್ರೆಯ ಬೇಟೆ ಅಷ್ಟೇ. ಅನಂತರ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಬೇಕೆಂದು ಆಜ್ಞೆಯಾಯಿತು. ತಟಸ್ಥ ಸ್ಪೇನಿನ ವೀಗೊ ಬಂದರಿನಲ್ಲಿ ನಿಂತಿದ್ದ ‘ಬೆಸೆಲ್’ ಎಂಬ ಜರ್ಮನ್ ಹಡಗಿನಿಂದ ರಾತ್ರಿಯ ಕತ್ತಲೆಯಲ್ಲಿ ತೈಲವನ್ನೂ ಆಹಾರವನ್ನೂ ಪಡೆದುಕೊಂಡು ಜಿಬ್ರಾಲ್ಟರಿನ ಕಡೆ ತಿರುಗಿತು. ನವೆಂಬರ್ ೩೦ರಂದು ಬ್ರಿಟಿಷ್ ಸ್ವೋರ್ಡ್‌ಫಿಶ್ ವಿಮಾನವೊಂದು ಅದನ್ನು ಕಂಡು ಬಾಂಬು ಹಾಕಿತು. ಬಲವಾಗಿ ಪೆಟ್ಟು ತಿಂದು, ಮುಳುಗಿ ಅಡಗಿ, ಕೊನೆಗೆ ಬಂದ ದಾರಿಯಲ್ಲಿಯೇ ಹಿಂತಿರುಗಿ, ಡಿಸೆಂಬರ್ ೬ರಂದು ಸೇಂಟ್ ನಜೇರ್ ತಲುಪಿತು. ನಲವತ್ತೊಂದು ದಿನ, ಒಂದು ಹಡಗು. ಜಿಬ್ರಾಲ್ಟರ್ ದಾಟಲಾಗದುದು ಸೋಲೆಂದು ತೋರಿದರೂ ಅದು ಯು-೯೬ರ ಪುಣ್ಯವೆಂದೇ ಹೇಳಬೇಕು. ಆ ಸಮುದ್ರವನ್ನು ಹೊಕ್ಕ ಅರವತ್ತರಷ್ಟು ಜರ್ಮನ್ ಜಲಾಂತರ್ಗಾಮಿಗಳಲ್ಲಿ ಒಂದೂ ಅಟ್ಲಾಂಟಿಕ್ ಸಾಗರಕ್ಕೆ ಮರಳಲಿಲ್ಲ.

ಇಷ್ಟೆಲ್ಲ ಯಾತ್ರೆಗಳಲ್ಲಿ ಬುಖ್‌ಹೈಮನು ಆರಿಸಿಕೊಂಡುದು ಇದನ್ನು. ತಾನು ಕಣ್ಣಾರೆ ಕಂಡುದನ್ನೇ ಬರೆಯುವುದು ಲೇಖಕನಿಗೆ ಸಹಜ. ಅದಕ್ಕಾಗಿ ಅವನನ್ನು ಆಕ್ಷೇಪಿಸಲಾಗದು. ಆದರೆ ಈ ಆಯ್ಕೆಯ ಪರಿಣಾಮವನ್ನು ಗಮನಿಸದೆ ಇರಲೂ ಆಗದು. ಹಡಗಿನ ಸೇವಾಚರಿತ್ರೆಯಲ್ಲಿ ಅತಿ ಕಡಮೆ ಕೊಂದು ಅತಿ ಹೆಚ್ಚು ನೊಂದ ಯಾತ್ರೆಗಳಲ್ಲಿ ಇದೊಂದು. ಓದುಗನ ಮನಸ್ಸಿನಲ್ಲಿ ಈ ಒಂದು ಯಾತ್ರೆಯೇ ಇಡೀ ಹಡಗಿನ ಚರಿತ್ರೆಯಾಗಿ, ಈ ಒಂದು ಹಡಗೇ ಇಡೀ ಜಲಾಂತರ್ಗಾಮಿ ಯುದ್ಧವಾಗಿ ನಿಲ್ಲುತ್ತದೆ. ಹೀಗೆ ಬೇಟೆಗಾರನ ಕಥೆ ಬೇಟೆಗೆ ಸಿಕ್ಕಿದವನ ಕಥೆಯಾಗಿ ಮಾರ್ಪಡುತ್ತದೆ. ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಇದೇ ಬುಖ್‌ಹೈಮನು ೧೯೪೩ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಜಲಾಂತರ್ಗಾಮಿಗಳ ಬಗೆಗೆ ಒಂದು ಚಿತ್ರಪುಸ್ತಕವನ್ನು ಪ್ರಕಟಿಸಿದ್ದನು. ಅದರ ಹೆಸರು ‘ಯೇಗರ್ ಇಮ್ ವೆಲ್ಟ್‌ಮೇರ್’, ಎಂದರೆ ಮಹಾಸಾಗರದ ಬೇಟೆಗಾರರು. ಮೂವತ್ತು ವರ್ಷಗಳ ಅನಂತರ ಬಂದ ಕಾದಂಬರಿಯ ಹೆಸರು ಬರಿಯ ‘ದೋಣಿ’. ಹೆಸರಿನಿಂದ ಬೇಟೆಗಾರನು ಮರೆಯಾಗಿ ದೋಣಿ ಮಾತ್ರ ಉಳಿದಿದೆ. ಪ್ರಚಾರದ ಸುಳ್ಳನ್ನು ತೊರೆಯುವ ಪ್ರಾಮಾಣಿಕತೆ ಇದರಲ್ಲಿದೆ ಎಂಬುದನ್ನು ನಾವು ಒಪ್ಪುತ್ತೇವೆ. ಆದರೂ ಹಳೆಯ ಹೆಸರಿನಲ್ಲಿ, ಎಷ್ಟೇ ಜಂಬದಿಂದಲಾಗಲಿ, ಕೊಲ್ಲುವ ಕೆಲಸಕ್ಕೆ ಕೊಲ್ಲುವ ಕೆಲಸವೆಂಬ ಹೆಸರಾದರೂ ಇತ್ತು.

ಕಾದಂಬರಿಯ ಗುಣಗಳನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಬೇಸರವನ್ನು ಇಷ್ಟು ಸಮರ್ಥವಾಗಿ ಬರೆದ ಯುದ್ಧಕಾದಂಬರಿಗಳು ಕಡಮೆ. ದಿನವೂ ಬೂಸಲು ಹಿಡಿಯುವ ರೊಟ್ಟಿ, ಒಣಗದ ಬಟ್ಟೆ, ಒಬ್ಬನು ಎದ್ದುಹೋದ ಹಾಸಿಗೆಯಲ್ಲಿ ಅದರ ಬಿಸಿ ಆರುವ ಮುನ್ನ ಮತ್ತೊಬ್ಬನು ಮಲಗುವುದು, ಅಶ್ಲೀಲ ಹಾಸ್ಯ, ಬಿರುಗಾಳಿಯ ದಿನಗಳ ಏಕತಾನ. ಇವುಗಳನ್ನು ಪುಟಗಟ್ಟಲೆ ಓದಿದ ಮೇಲೆ ಶತ್ರುವಿನ ಬಾಂಬು ಬಿದ್ದಾಗ ಓದುಗನೂ ಉಸಿರು ಹಿಡಿಯುತ್ತಾನೆ. ಕಪ್ತಾನನ ಪಾತ್ರ, ಎಲ್ಲರೂ ‘ಮುದುಕ’ ಎಂದು ಕರೆಯುವ ಆ ಮೂವತ್ತು ವರ್ಷದ ಮನುಷ್ಯನ ಮಿತಭಾಷೆ, ನೆನಪಿನಲ್ಲಿ ಉಳಿಯುವಂಥದು. ಚಲನಚಿತ್ರದಲ್ಲಿ ಯುರ್ಗೆನ್ ಪ್ರೋಖ್ನೋ ಆ ಪಾತ್ರವನ್ನು ಕಣ್ಣುಗಳಿಂದಲೇ ಅಭಿನಯಿಸಿದ್ದಾನೆ. ಛಾಯಾಗ್ರಾಹಕ ಯೋಸ್ಟ್ ವಕಾನೋ ಕ್ಯಾಮರವನ್ನು ಕೈಯಲ್ಲಿ ಹಿಡಿದು ಆ ಇಕ್ಕಟ್ಟಿನೊಳಗೆ ಓಡಿ ತೆಗೆದ ದೃಶ್ಯಗಳು ಪ್ರೇಕ್ಷಕನನ್ನು ಹಡಗಿನೊಳಗೆ ಕೂಡಿಹಾಕಿಬಿಡುತ್ತವೆ. ಚಿತ್ರಕ್ಕೆ ಆರು ಆಸ್ಕರ್ ನಾಮನಿರ್ದೇಶನಗಳು ದೊರೆತುದು ಯೋಗ್ಯವೇ ಆಗಿದೆ. ೧೯೯೭ರಲ್ಲಿ ಹೊರಬಂದ ಸುಮಾರು ಮೂರೂವರೆ ಗಂಟೆಯ ರೂಪವೇ ನಮ್ಮ ಮಟ್ಟಿಗೆ ಉತ್ತಮ. ಬೇಸರಕ್ಕೆ ಅದರಲ್ಲಿ ಹೆಚ್ಚು ಸ್ಥಳವಿದೆ. ಬುಖ್‌ಹೈಮನು ಮಾತ್ರ ಚಿತ್ರವನ್ನು ಮೆಚ್ಚಲಿಲ್ಲ. ತನ್ನ ಕೃತಿಯನ್ನು ರೋಮಾಂಚಕ ಸಾಹಸಕಥೆಯನ್ನಾಗಿ ಮಾಡಿದರೆಂದು ದೂರಿದನು.

ವೀಗೊ ಬಂದರಿನ ದೃಶ್ಯ ಚಿತ್ರದ ಉತ್ತಮ ದೃಶ್ಯಗಳಲ್ಲೊಂದು. ಗಡ್ಡ ಬೆಳೆದು, ಮೈ ನಾರುತ್ತ, ಬೆಳಕಿಗೆ ಕಣ್ಣು ಕುಕ್ಕಿಸಿಕೊಂಡು ಬಂದವರನ್ನು ಔತಣದ ಮೇಜಿನ ಮುಂದೆ ನಿಲ್ಲಿಸಿ, ಇಸ್ತ್ರಿಯ ಉಡುಪಿನ ಅಧಿಕಾರಿಗಳು ವೀರಗಾಥೆ ಹೇಳಿರೆಂದು ಕೇಳುತ್ತಾರೆ. ನಾಟ್ಸಿ ರಾಜ್ಯದ ಟೊಳ್ಳನ್ನು ತೋರಿಸಲು ಇಷ್ಟು ಸಾಕು. ಆದರೆ ಇದೇ ದೃಶ್ಯ ಒಂದು ಸುಲಭವಾದ ವಿಂಗಡಣೆಯನ್ನೂ ಮಾಡಿಬಿಡುತ್ತದೆ: ದಡದಲ್ಲಿರುವವರು ನಾಟ್ಸಿಗಳು, ನೀರಿನಲ್ಲಿರುವವರು ಮನುಷ್ಯರು. ಹಡಗಿನೊಳಗೆ ಪಕ್ಷನಿಷ್ಠನಾದವನು ಒಬ್ಬ ಪ್ರಥಮಾಧಿಕಾರಿ ಮಾತ್ರ; ಅವನೂ ನಗೆಪಾಟಲಿನ ಪಾತ್ರ. ಐವತ್ತು ಜನರಲ್ಲಿ ಒಬ್ಬನ ತಲೆಗೆ ಎಲ್ಲರ ಪಾಪವನ್ನೂ ಕಟ್ಟಿದಂತಾಗಿದೆ.

ಹೊರಗಿನ ಮನುಷ್ಯನು ಕೃತಿಯಲ್ಲಿ ಒಮ್ಮೆ ಕಾಣಿಸಿಕೊಳ್ಳುತ್ತಾನೆ. ಹೊಡೆದು ಗಂಟೆಗಳಾದ ಮೇಲೆ ಜಲಾಂತರ್ಗಾಮಿ ಮೇಲೆ ಬಂದು ನೋಡಿದರೆ ತೈಲದ ಹಡಗು ಇನ್ನೂ ಉರಿಯುತ್ತ ತೇಲುತ್ತಿದೆ. ಕಪ್ತಾನನು ಮತ್ತೊಂದು ಟಾರ್ಪೀಡೊ ಬಿಡುತ್ತಾನೆ. ಆಗ ಅದರ ಮೇಲೆ ಜನರಿರುವುದು ತಿಳಿಯುತ್ತದೆ; ಮೈಗೆ ಬೆಂಕಿ ಹತ್ತಿದವರು ನೀರಿಗೆ ಹಾರುತ್ತಾರೆ, ಈಜುತ್ತ ಜಲಾಂತರ್ಗಾಮಿಯ ಕಡೆಗೇ ಬರುತ್ತಾರೆ. ಕಪ್ತಾನನು ಹಡಗನ್ನು ಹಿಂದಕ್ಕೆ ಸರಿಸುವಂತೆ ಹೇಳುತ್ತಾನೆ. ಐವತ್ತು ಜನರಿಗೇ ಉಸಿರಾಡಲು ಸ್ಥಳವಿಲ್ಲದ ಹಡಗು ಯಾರನ್ನೂ ಎತ್ತಿಕೊಳ್ಳಲಾರದು. ಎತ್ತಿಕೊಳ್ಳಕೂಡದೆಂಬ ಆಜ್ಞೆಯೂ ಇತ್ತು. ಏಳನೆಯ ಯಾತ್ರೆಯ ದಾಖಲೆಯಲ್ಲಿ ಇಂತಹ ತೈಲದ ಹಡಗು ಇಲ್ಲ. ಇದು ಕಾದಂಬರಿಕಾರನ ಸೇರ್ಪಡೆ, ಮತ್ತು ಇಡೀ ಕೃತಿಯಲ್ಲಿ ಅತ್ಯಂತ ಸತ್ಯವಾದ ಸೇರ್ಪಡೆ. ಉಳಿದ ಯಾತ್ರೆಗಳು ಈ ಒಂದು ಕಿಟಕಿಯಿಂದ ಒಳಗೆ ಇಣುಕುತ್ತವೆ. ಕೃತಿ ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅನಂತರ ಕಿಟಕಿ ಮುಚ್ಚಿಕೊಳ್ಳುತ್ತದೆ. ಜಿಬ್ರಾಲ್ಟರಿನ ಬಳಿ ೨೮೦ ಮೀಟರು ಆಳದಲ್ಲಿ ಹಡಗು ನೆಲ ಹತ್ತಿ, ನಾವಿಕರು ಗಾಳಿಗಾಗಿ ಹೋರಾಡುವಾಗ ಆ ಬೆಂದ ಜನರನ್ನು ಯಾರೂ ನೆನೆಯುವುದಿಲ್ಲ, ಪ್ರೇಕ್ಷಕನೂ ನೆನೆಯುವುದಿಲ್ಲ.

ಅಪರಾಧದಲ್ಲಿ ಪಾಲುಳ್ಳವನಿಗಾಗಿ ಕರುಣರಸವನ್ನು ಹರಿಸಬಹುದೇ ಎಂಬ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ರನ್ನನು ‘ಗದಾಯುದ್ಧ’ದಲ್ಲಿ ಈ ಪ್ರಶ್ನೆಯನ್ನು ಎದುರಿಸಿದನು. ಅವನ ಕಾವ್ಯನಾಯಕನು ಭೀಮ. ಆದರೆ ನಮ್ಮ ಮನಸ್ಸನ್ನು ಸೂರೆಗೊಳ್ಳುವವನು ದುರ್ಯೋಧನ. ಬಿ. ಎಂ. ಶ್ರೀಕಂಠಯ್ಯನವರು ಅದೇ ಕಾವ್ಯದಿಂದ ನಾಟಕವನ್ನು ರೂಪಿಸಿದಾಗ ಕನ್ನಡದಲ್ಲಿ ದುರಂತನಾಯಕನ ವಿಚಾರ ವಿಸ್ತಾರವಾಗಿ ನಡೆಯಿತು. ಆದರೆ ರನ್ನನು ಆ ಕರುಣೆಯನ್ನು ಬಿಟ್ಟಿಯಾಗಿ ಕೊಡಲಿಲ್ಲವೆಂಬುದನ್ನು ಗಮನಿಸಬೇಕು. ದುರ್ಯೋಧನನು ಸಂಜಯನೊಡನೆ ರಣರಂಗವನ್ನು ನಡೆದು ದಾಟಬೇಕು. ಹೆಣಗಳನ್ನು ಒಂದೊಂದಾಗಿ ನೋಡಬೇಕು, ಗುರುತಿಸಬೇಕು, ಹೆಸರು ಹಿಡಿದು ಮಾತನಾಡಿಸಬೇಕು. ದ್ರೋಣ, ದುಶ್ಶಾಸನ, ಕರ್ಣ ಇವರು ತನ್ನವರು. ಅವರಿಗಾಗಿ ಅಳುವುದು ಸಹಜ. ಆದರೆ ದಾರಿಯಲ್ಲಿ ಅಭಿಮನ್ಯುವಿನ ಹೆಣವೂ ಇದೆ. ತಾನೇ ಮುಂದೆ ನಿಂತು ಹಲವರಿಂದ ಕೊಲ್ಲಿಸಿದ ಬಾಲಕ, ಶತ್ರುವಿನ ಮಗ. ದುರ್ಯೋಧನನು ಅಲ್ಲಿಯೂ ನಿಲ್ಲುತ್ತಾನೆ, ಕೈಮುಗಿಯುತ್ತಾನೆ, ಆ ಸಾವಿನ ಹಿರಿಮೆಯಲ್ಲಿ ಒಂದಂಶವಾದರೂ ತನಗೆ ಸಲ್ಲಲಿ ಎನ್ನುತ್ತಾನೆ. ಈ ನಡಿಗೆಯಾದ ಮೇಲೆ ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗಿದ ಅವನನ್ನು ಕಂಡು ನಮಗೆ ಮರುಕ ಹುಟ್ಟಿದರೆ ಅದು ನ್ಯಾಯವಾದ ಮರುಕ. ಅಭಿಮನ್ಯುವಿನ ಮುಂದೆ ನಿಲ್ಲದೆ ನೇರವಾಗಿ ನೀರಿಗಿಳಿದಿದ್ದರೆ?

ಈ ಒರೆಗಲ್ಲಿಗೆ ಹಚ್ಚಿದಾಗ ‘ದಾಸ್ ಬೋಟ್’ ಮಾಸಿದ ಚಿನ್ನವಾಗಿ ಕಾಣುತ್ತದೆ. ಅದರ ನಾವಿಕರು ಸರೋವರದೊಳಗೆ ಇದ್ದಾರೆ. ರಣರಂಗವನ್ನು ದಾಟಿ ಬಂದವರಲ್ಲ. ಕಾದಂಬರಿ ಈ ದೃಷ್ಟಿಯಿಂದ ಚಿತ್ರಕ್ಕಿಂತ ಮೇಲು. ಅಲ್ಲಿ ನಿರೂಪಕನು ತಾನೇ ಸಾಕ್ಷಿಯಾಗಿರುವುದರಿಂದ ಒಂದು ಅಪರಾಧಪ್ರಜ್ಞೆ ಮಾತಿನ ಅಡಿಯಲ್ಲಿ ಹರಿಯುತ್ತದೆ. ಚಿತ್ರದ ಆರಂಭದಲ್ಲಿ ಪರದೆಯ ಮೇಲೆ ಒಂದು ಲೆಕ್ಕ ಬರುತ್ತದೆ: ಜರ್ಮನ್ ಜಲಾಂತರ್ಗಾಮಿಗಳಲ್ಲಿ ಹೋದವರು ನಲವತ್ತು ಸಾವಿರ, ಮರಳದವರು ಮೂವತ್ತು ಸಾವಿರ. ಲೆಕ್ಕ ಸುಮಾರಾಗಿ ಸರಿ. ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಆ ಯುದ್ಧದಲ್ಲಿ ಸತ್ತ ನಾವಿಕರೂ ಹೆಚ್ಚುಕಡಮೆ ಮೂವತ್ತು ಸಾವಿರವೇ. ಒಂದು ಸಾಲು ಹೆಚ್ಚು ಬರೆಯಲು ಪರದೆಯಲ್ಲಿ ಸ್ಥಳವಿತ್ತು.

ಆ ಬರೆಯದ ಸಾಲಿನಲ್ಲಿ ಭಾರತೀಯರೂ ಇದ್ದಾರೆ. ಬ್ರಿಟಿಷ್ ವ್ಯಾಪಾರಿ ಹಡಗುಗಳ ಬಾಯ್ಲರಿಗೆ ಕಲ್ಲಿದ್ದಲು ಹಾಕಿದವರಲ್ಲಿ, ಡೆಕ್ಕು ತೊಳೆದವರಲ್ಲಿ, ಅಡಿಗೆ ಮಾಡಿದವರಲ್ಲಿ ಬಹು ದೊಡ್ಡ ಪಾಲು ‘ಲಸ್ಕರ’ರೆಂದು ಕರೆಯಲ್ಪಡುತ್ತಿದ್ದ ನಮ್ಮವರದು. ಸತ್ತ ಆರು ಸಾವಿರಕ್ಕೂ ಹೆಚ್ಚು ಜನರ ಹೆಸರುಗಳನ್ನು ಬರೆದ ಸ್ಮರಣಗ್ರಂಥಗಳಲ್ಲಿ ಒಂದನ್ನು ಇದೇ ಮುಂಬಯಿಯ ಭಾರತೀಯ ನಾವಿಕರ ಗೃಹದಲ್ಲಿಯೂ ಇನ್ನೊಂದನ್ನು ಚಿತ್ತಗಾಂಗಿನಲ್ಲಿಯೂ ಇರಿಸಲಾಯಿತು. ಬಂದರಿನ ಊರಿನಲ್ಲಿ ಬಾಳುವ ನಮಗೆ ಆ ಕಡೆಯಿಂದ ಕಥೆಯನ್ನು ನೋಡುವ ಹಕ್ಕೂ ಇದೆ, ಹೊಣೆಯೂ ಇದೆ. ಹಾಗೆಂದು ಒಳಗಿನಿಂದ ಮಾತ್ರ ಕಥೆ ಹೇಳುವ ದೋಷ ಜರ್ಮನರದಷ್ಟೇ ಅಲ್ಲ. ೧೯೪೩ರ ಫೆಬ್ರವರಿಯಲ್ಲಿ ಸುಭಾಷಚಂದ್ರ ಬೋಸರು ಯು-೧೮೦ರಲ್ಲಿ ಕೀಲ್‌ನಿಂದ ಹೊರಟುದನ್ನು ನಾವು ರೋಮಾಂಚನದಿಂದ ಹೇಳುತ್ತ ಬಂದಿದ್ದೇವೆ. ಅವರು ಅದರಲ್ಲಿರುವಾಗಲೇ, ಏಪ್ರಿಲಿನಲ್ಲಿ, ಆ ಜಲಾಂತರ್ಗಾಮಿ ‘ಕಾರ್ಬಿಸ್’ ಎಂಬ ಬ್ರಿಟಿಷ್ ತೈಲದ ಹಡಗನ್ನು ಮುಳುಗಿಸಿತು. ನಮ್ಮ ಜನಪ್ರಿಯ ಕಥನಗಳಲ್ಲಿ ಆ ಹಡಗಿನ ಹೆಸರು ಅಪರೂಪ.

ಜರ್ಮನಿಯಲ್ಲಿ ಕಾದಂಬರಿಯ ಬಗೆಗೆ ನಡೆದ ವಾದ ಬೇರೆ ಬಗೆಯದು. ಹಳೆಯ ಜಲಾಂತರ್ಗಾಮಿ ಅಧಿಕಾರಿಗಳಲ್ಲಿ ಕೆಲವರು, ಮುಖ್ಯವಾಗಿ ಕಾರ್ಲ್-ಫ್ರೀಡ್ರಿಖ್ ಮೆರ್ಟೆನ್, ಕುಡಿತ ಮತ್ತು ಅಸಭ್ಯತೆಯ ವರ್ಣನೆಗಳಿಂದ ತಮ್ಮ ದಳಕ್ಕೆ ಅವಮಾನವಾಯಿತೆಂದು ಪ್ರತಿಭಟಿಸಿದರು. ನಾವಿಕರು ನಿಜವಾಗಿ ಅಷ್ಟು ಕುಡಿಯುತ್ತಿದ್ದರೇ ಎಂಬುದು ನಮಗೆ ಮುಖ್ಯವಲ್ಲ. ನ್ಯೂರೆಂಬರ್ಗಿನ ನ್ಯಾಯಾಲಯ ಡ್ಯೋನಿಟ್ಸನಿಗೆ ಹತ್ತು ವರ್ಷಗಳ ಶಿಕ್ಷೆ ವಿಧಿಸಿದಾಗ, ಜಲಾಂತರ್ಗಾಮಿ ಯುದ್ಧನಿಯಮಗಳ ಉಲ್ಲಂಘನೆಯನ್ನು ಆ ಶಿಕ್ಷೆಗೆ ಆಧಾರವಾಗಿಟ್ಟುಕೊಳ್ಳಲಿಲ್ಲ. ಬ್ರಿಟಿಷರೂ ಅಮೆರಿಕನರೂ ಅಂಥದೇ ಯುದ್ಧವನ್ನು ನಡೆಸಿದ್ದರು. ಕಾನೂನು ಸಮಾನವಾಗಿ ತೂಗಿ ಕೈಬಿಟ್ಟುದನ್ನು ಸಾಹಿತ್ಯವೂ ಕೈಬಿಡಬೇಕಾಗಿಲ್ಲ.

ಕೊನೆಯ ದೃಶ್ಯದ ವಿಚಾರ ಉಳಿದಿದೆ. ಚಿತ್ರದಲ್ಲಿ ಎಲ್ಲ ಗಂಡಾಂತರಗಳನ್ನೂ ದಾಟಿ ಲಾ ರೋಶೆಲ್ ಬಂದರಿಗೆ ಮರಳಿದ ಕ್ಷಣದಲ್ಲಿ ಆಕಾಶದಿಂದ ಬಾಂಬು ಬೀಳುತ್ತದೆ. ಕಪ್ತಾನನು ಮುಳುಗುತ್ತಿರುವ ತನ್ನ ಹಡಗನ್ನು ನೋಡುತ್ತ ಸಾಯುತ್ತಾನೆ. ಹಡಗಿನವರು ಸುಖವಾಗಿ ಮನೆ ಸೇರಿದ್ದರೆ ಕೃತಿ ನೀತಿಗೆಟ್ಟದ್ದಾಗುತ್ತಿತ್ತೆಂದು ಬುಖ್‌ಹೈಮನಿಗೆ ತೋರಿರಬೇಕು. ಆದರೆ ಈ ಸಾವು ಒಂದು ಅಗ್ಗದ ತೀರುವಳಿ. ಕೊಂದವನೂ ಸತ್ತನೆಂದರೆ ಲೆಕ್ಕ ಮುಗಿಯಿತು. ಪ್ರೇಕ್ಷಕನು ಕಣ್ಣೊರೆಸಿಕೊಂಡು ಎದ್ದುಹೋಗಬಹುದು. ಚರಿತ್ರೆ ಹೀಗೆ ಲೆಕ್ಕ ಮುಗಿಸಲಿಲ್ಲ. ಯು-೯೬ ೧೯೪೨ರಲ್ಲಿ ಹಾನ್ಸ್-ಯುರ್ಗೆನ್ ಹೆಲ್‌ರೀಗೆಲ್ ಎಂಬ ಹೊಸ ಕಪ್ತಾನನ ಕೈಕೆಳಗೆ ಮತ್ತೆ ಸಮುದ್ರಕ್ಕೆ ಹೋಗಿ ಮತ್ತೆ ಹಡಗುಗಳನ್ನು ಮುಳುಗಿಸಿತು. ಅವುಗಳಲ್ಲಿ ತಟಸ್ಥ ಪೋರ್ಚುಗಲ್ಲಿನ ಮೀನುಗಾರಿಕೆಯ ಹಡಗೂ ಒಂದು. ಹೆಲ್‌ರೀಗೆಲ್ ೧೯೪೪ರಲ್ಲಿ ಯು-೫೪೩ರೊಡನೆ ಮುಳುಗಿಹೋದನು. ಯು-೯೬ ಮಾತ್ರ ೧೯೪೩ರಲ್ಲಿ ತರಬೇತಿಯ ಹಡಗಾಗಿ, ೧೯೪೫ರ ಫೆಬ್ರವರಿಯಲ್ಲಿ ಸೇವೆಯಿಂದ ನಿವೃತ್ತವಾಗಿ, ಮಾರ್ಚ್ ೩೦ರಂದು ವಿಲ್‌ಹೆಲ್ಮ್ಸ್‌ಹಾಫನ್ ಬಂದರಿನಲ್ಲಿ ಅಮೆರಿಕನ್ ಬಾಂಬುಗಳಿಗೆ ಸಿಕ್ಕಿ ಮುಳುಗಿತು. ಬುಖ್‌ಹೈಮನು ಈ ಅಂತ್ಯವನ್ನೇ ಎತ್ತಿ ಮೂರು ವರ್ಷ ಹಿಂದಕ್ಕೆ ಇಟ್ಟಂತೆ ಕಾಣುತ್ತದೆ.

ಲೇಮಾನ್-ವಿಲ್ಲೆನ್‌ಬ್ರೋಕನು ಸಾಯಲಿಲ್ಲ. ಏಳನೆಯ ಯಾತ್ರೆಯಿಂದ ಮರಳಿದ ತಿಂಗಳಲ್ಲಿಯೇ ದೊಡ್ಡ ಪದಕ ಪಡೆದು, ಮುಂದೆ ಬ್ರೆಸ್ಟ್ ಬಂದರಿನಲ್ಲಿ ಒಂದು ದಳದ ಅಧಿಪತಿಯಾಗಿ, ಯುದ್ಧಾನಂತರ ವ್ಯಾಪಾರಿ ಹಡಗುಗಳ ಕಪ್ತಾನನಾಗಿ, ಅಣುಶಕ್ತಿಯಿಂದ ನಡೆಯುವ ‘ಓಟೋ ಹಾನ್’ ಹಡಗನ್ನೂ ನಡೆಸಿ, ೧೯೮೬ರವರೆಗೆ ಬಾಳಿದನು. ಚಿತ್ರಕ್ಕೆ ಸಲಹೆಗಾರನೂ ಆಗಿದ್ದನು. ತನ್ನ ಸಾವನ್ನು ತಾನೇ ಪರದೆಯ ಮೇಲೆ ನೋಡಿದನು. ಬುಖ್‌ಹೈಮನಾಗಲಿ ಪೇಟರ್‌ಸನ್ನನಾಗಲಿ ಮುಟ್ಟದ ಒಂದು ಸಂಗತಿ ಅವನ ಬಾಳಿನಲ್ಲಿದೆ. ೧೯೫೯ರ ಮಾರ್ಚಿನಲ್ಲಿ ‘ಇಂಗಾ ಬಾಸ್ಟಿಯಾನ್’ ಎಂಬ ಸರಕು ಹಡಗಿನ ಕಪ್ತಾನನಾಗಿದ್ದಾಗ, ‘ಕಮಾಂಡಾಂಟೆ ಲೀರ’ ಎಂಬ ಬ್ರೆಜಿಲ್ ದೇಶದ ಹಡಗು ಸಮುದ್ರದ ನಡುವೆ ಹೊತ್ತಿ ಉರಿಯುತ್ತಿರುವುದು ಅವನಿಗೆ ಎದುರಾಯಿತು. ಈ ಬಾರಿ ಅವನು ಹಡಗನ್ನು ಹಿಂದಕ್ಕೆ ಸರಿಸಲಿಲ್ಲ. ಆ ಉರಿಯಿಂದ ಐವತ್ತೇಳು ಜನರನ್ನು ಅವನೂ ಅವನ ನಾವಿಕರೂ ತಮ್ಮ ಹಡಗಿಗೆ ಎತ್ತಿಕೊಂಡರು.